ದೊಡ್ಡ ಮಹಶೀರ್ ಹಿಡಿದು ಜೀವಂತ ಬಿಡುವ ಬಗೆ: ನನ್ನ ಅನುಭವ

ಸಪೂರ ದಾರದಲ್ಲಿ ಮಹಶೀರ್‌ನಂಥ ದೊಡ್ಡ ಹೊಳೆಮೀನು ಸಿಕ್ಕಿಸಿ ಒಂದೂವರೆ ಗಂಟೆ ಆಡಿಸಿದೆ ಎಂದು ಹೆಮ್ಮೆಪಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ತಿನ್ನಲು ಹಿಡಿಯುವವನು ಹಾಗೆ ಮಾಡಿದರೆ ಅದು ಅವನ ಸಂತೋಷ. ಬಿಡುವುದಕ್ಕೆಂದೇ ಹಿಡಿಯುವವನು ಹಾಗೆ ಮಾಡಿದರೆ ಅವನು ಬಿಟ್ಟದ್ದು ಅರೆಜೀವದ ಮೀನು. ಕಣ್ಣೆದುರಿಗೆ ಈಜಿ ಹೋಗುತ್ತದೆ, ಸರಿ. ಮಡುವಿನ ಆಳಕ್ಕಿಳಿದ ಮೇಲೆ ಏನಾಯಿತು ಅಂತ ಕಂಡವರ್ಯಾರು? ಕಾವೇರಿಯಲ್ಲಿ ನೀರುನಾಯಿಗಳಿವೆ, ಮೊಸಳೆಗಳಿವೆ. ಸುಸ್ತಾದ ಮೀನು ಅವಕ್ಕೆ ಸಲೀಸಾಗಿ ಸಿಗುವ ಊಟ.

ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದ ಕ್ಯಾಂಪುಗಳಿದ್ದ ಕಾಲದಲ್ಲಿ ನಾನು ಈ ಕೆಲಸ ಕಲಿತೆ. ಕಲಿಸಿದವರು ಅಲ್ಲಿನ ಗೈಡುಗಳು. ಅವರಲ್ಲಿ ಹಲವರು ಹಿಂದೆ ಅದೇ ನದಿಯಲ್ಲಿ ಕದ್ದು ಮೀನು ಹಿಡಿಯುತ್ತಿದ್ದವರು. ಯಾವ ಬಂಡೆಯ ಹಿಂದೆ ಯಾವ ತಿಂಗಳಲ್ಲಿ ಮೀನು ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾವ ಪುಸ್ತಕಕ್ಕೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಇಲ್ಲಿನ ದೊಡ್ಡ ಮಹಶೀರ್ ಮುಗಿದೇಹೋಯಿತು ಎಂದು ಹೊರಗಿನವರು ತೀರ್ಮಾನಿಸಿಬಿಟ್ಟಿದ್ದರಂತೆ. 1977ರಲ್ಲಿ ಇಂಗ್ಲೆಂಡಿನ ಮೂವರು ಹುಡುಕಿಕೊಂಡು ಬಂದು ಹಿಡಿದು ತೋರಿಸಿದ ಮೇಲೆ ಹೊರದೇಶದ ಗಾಳಗಾರರು ಬರತೊಡಗಿದರು. ಅದಕ್ಕೂ ಬಹಳ ಮೊದಲು, 1946ರಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಗಾಳದಲ್ಲಿ ಸಿಕ್ಕಿದ ಮಹಶೀರ್ ಪೈಕಿ ಇವತ್ತಿಗೂ ಅದೇ ದಾಖಲೆ.

ಆ ಗಾತ್ರಕ್ಕೆ ಬೆಳೆಯುವುದು ಡುಬ್ಬದ ಮಹಶೀರ್. ಬೆನ್ನು ಎದ್ದಿರುತ್ತದೆ, ಬಾಲ, ರೆಕ್ಕೆಗಳಲ್ಲಿ ಕೇಸರಿ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇನ್ನೆಲ್ಲೂ ಇಲ್ಲ. ಇನ್ನೊಂದು ನೀಲಿ ರೆಕ್ಕೆಯದು. ಅದು ಮೂಲತಃ ಕಾವೇರಿಯದಲ್ಲ, ಲೋನಾವಳದ ಟಾಟಾ ಮರಿಕೇಂದ್ರದಿಂದ ತಂದು ಬಿಟ್ಟ ಮರಿಗಳ ಸಂತತಿ. ಈಗ ನದಿಯಲ್ಲಿ ಹೆಚ್ಚು ಸಿಗುವುದು ಇದೇ.

ಸಾಮಾನಿನ ವಿಷಯಕ್ಕೆ ಬರೋಣ. ಗಟ್ಟಿ ಕೋಲು, ದೊಡ್ಡ ಮಲ್ಟಿಪ್ಲೈಯರ್ ರೀಲು (ಹಿಡಿ ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂಥದ್ದು), 50 ಪೌಂಡ್ ತಡೆಯುವ ದಾರ. ತುದಿಯ ಕೆಲವು ಮಾರು ಅದಕ್ಕಿಂತ ದಪ್ಪದ ನೈಲಾನ್ ತಂಗೂಸಿ, ಯಾಕೆಂದರೆ ಭೀಮೇಶ್ವರಿ ಕಡೆಯ ನದೀತಳ ಪೂರ್ತಿ ಬಂಡೆ. ಹೆಣೆದ ದಾರ ಎಷ್ಟೇ ಭಾರ ತಡೆದರೂ ಬಂಡೆಯ ಅಂಚಿಗೆ ಒಮ್ಮೆ ಉಜ್ಜಿದರೆ ಮುಗಿಯಿತು. ಎರೆಯನ್ನು ತಳಕ್ಕಿಳಿಸುವ ಸೀಸದ ತೂಕವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟುವುದಿಲ್ಲ, ತೆಳ್ಳನೆ ನೂಲಿನಲ್ಲಿ ಇಳಿಬಿಡುತ್ತೇನೆ. ಸೀಸ ಸಂದಿಗೆ ಸಿಕ್ಕಿಕೊಂಡರೆ ನೂಲು ಹರಿದು ಸೀಸ ಮಾತ್ರ ಅಲ್ಲೇ ಉಳಿಯಬೇಕು. ಬಾಯಲ್ಲಿ ಗಾಳ ಹೊತ್ತ ಮೀನು ಬಂಡೆಗೆ ಕಟ್ಟುಬಿದ್ದು ಸಾಯುವುದಕ್ಕಿಂತ ಕೆಟ್ಟದ್ದು ಈ ಆಟದಲ್ಲಿ ಇನ್ನೊಂದಿಲ್ಲ.

ಕೊಕ್ಕೆ ಯಾವಾಗಲೂ ಒಂಟಿ. ಮೂರು ಕವಲಿನದನ್ನು ನಾನು ಮುಟ್ಟುವುದಿಲ್ಲ. ಅದರ ಒಂದು ಮೊನೆ ತುಟಿಗೆ ಚುಚ್ಚಿದರೆ ಇನ್ನೊಂದು ಕಣ್ಣಿಗೋ ಕಿವಿರಿಗೋ ಚುಚ್ಚುತ್ತದೆ. ಮೊನೆಯ ಹಿಂದಿರುವ ಮರಿಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಕೊಂಡು ಹೊರಡುತ್ತೇನೆ. ಮುಳ್ಳಿಲ್ಲದಿದ್ದರೆ ಮೀನು ಜಾರಿಹೋಗುತ್ತದಲ್ಲ ಎಂದು ಎಲ್ಲರೂ ಕೇಳುತ್ತಾರೆ. ದಾರ ಬಿಗಿಯಾಗಿದ್ದರೆ ಜಾರುವುದು ಕಡಿಮೆ. ಮಹಶೀರ್‌ನ ತುಟಿ ದಪ್ಪ, ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿಯನ್ನು ಚಿಪ್ಪಿನ ಸಮೇತ ಪುಡಿ ಮಾಡುವ ಹಲ್ಲು ಅವು. ಕೊಕ್ಕೆ ಅಷ್ಟು ಒಳಗೆ ಹೋಗುವ ಮೊದಲೇ ಎಳೆದುಬಿಡಬೇಕು. ಹಾಗಾಗಿ ಕೋಲನ್ನು ಬಂಡೆಗೆ ಒರಗಿಸಿ ಬೀಡಿ ಹಚ್ಚಿ ಕೂರುವ ಜಾತಿಯವನಲ್ಲ ನಾನು. ಕೋಲು ಕೈಯಲ್ಲೇ, ದಾರ ಬೆರಳ ಮೇಲೆ.

ಎರೆ ಮೂರು ಬಗೆ: ಏಡಿ, ಸಣ್ಣ ಮೀನು, ರಾಗಿ ಉಂಡೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ನೀರಲ್ಲಿ ಬೇಯಿಸಿಕೊಳ್ಳುವುದು. ಒಬ್ಬೊಬ್ಬ ಗೈಡಿನದೂ ಒಂದೊಂದು ಗುಟ್ಟಿನ ಮಸಾಲೆ. ನನ್ನ ಅನುಮಾನ, ಮೀನಿಗಿಂತ ಗಾಳಗಾರನಿಗೇ ಆ ಮಸಾಲೆ ಮೇಲೆ ನಂಬಿಕೆ ಜಾಸ್ತಿ.

ನನಗೆ ಸಿಕ್ಕಿದವುಗಳಲ್ಲಿ ದೊಡ್ಡದು ದೊಡ್ಡಮಾಕಳಿಯಲ್ಲಿ, ಫೆಬ್ರವರಿಯ ಒಂದು ಸಂಜೆ, ಏಡಿಗೆ ಬಿತ್ತು. ಮೊದಲ ಓಟಕ್ಕೇ ರೀಲಿನ ಅರ್ಧ ದಾರ ಖಾಲಿ. ಆಗ ಕೈ ತಾನಾಗಿ ಬಿಗಿಯುತ್ತದೆ. ಪಕ್ಕದಲ್ಲಿದ್ದ ಗೈಡು ಕೂಗಿದ: "ಬುಡಿ ಸಾ, ಬುಡಿ! ಎಳುದ್ರೆ ಬಂಡೆ ಸಂದೀಗ್ ಓಯ್ತದೆ!" ಬಿಟ್ಟೆ. ಮೀನು ಹರಿವಿನ ಜೊತೆ ಕೆಳಕ್ಕಿಳಿದು ಒಂದು ಹಾಸುಬಂಡೆಯ ಆಚೆ ನಿಂತಿತು. ದಾರ ಬಂಡೆಗೆ ತಾಗಿ ಗುಂಯ್ ಅನ್ನುವುದು ಕೋಲಿನಲ್ಲಿ ತಿಳಿಯುತ್ತಿತ್ತು. ಇಂಥ ಹೊತ್ತಿಗೆ ದಡದಲ್ಲಿ ನಿಂತು ಎಳೆದಾಡಿ ಪ್ರಯೋಜನವಿಲ್ಲ. ತೆಪ್ಪ ಹತ್ತಿದೆವು. ಅವನು ಹುಟ್ಟು ಹಾಕುತ್ತ ಬಂಡೆಯನ್ನು ಬಳಸಿ ಆಚೆಗೆ ಕರೆದೊಯ್ದ, ನಾನು ದಾರವನ್ನು ಸುತ್ತಿಕೊಳ್ಳುತ್ತ ಹೋದೆ. ಆ ಬದಿಯಿಂದ ಎಳೆದಾಗ ದಾರ ಬಿಡಿಸಿಕೊಂಡಿತು. ಅಲ್ಲಿಂದ ಮುಂದೆ ದಯೆದಾಕ್ಷಿಣ್ಯವಿಲ್ಲದೆ ಎಳೆದೆ. ಹರಿವಿಗೆ ಎದುರಾಗಿ ಅಲ್ಲ, ಅಡ್ಡಕ್ಕೆ: ಮೀನು ಎಡಕ್ಕೆ ಹೊರಟರೆ ಕೋಲು ಬಲಕ್ಕೆ ಮಲಗಿಸುವುದು, ಬಲಕ್ಕೆ ಹೊರಟರೆ ಎಡಕ್ಕೆ. ತಲೆ ತಿರುಗಿಸಿದರೆ ಮೈ ಹಿಂದೆಯೇ ಬರುತ್ತದೆ. ಅರ್ಧ ಗಂಟೆಯೊಳಗೆ ದಡದ ಹತ್ತಿರ ಬಂತು.

ದಡ ಯಾವುದು ಅನ್ನುವುದನ್ನು ಗಾಳ ಎಸೆಯುವ ಮೊದಲೇ ನೋಡಿಟ್ಟಿರಬೇಕು. ಮೊಣಕಾಲುದ್ದ ನೀರು, ಕೆಳಗೆ ಮರಳು, ನಿಧಾನದ ಹರಿವು. ಒಣಬಂಡೆಯ ಮೇಲೆ ಎಳೆದು ಹಾಕಿದರೆ ಮೈಮೇಲಿನ ಲೋಳೆ ಉಜ್ಜಿಹೋಗುತ್ತದೆ. ಆ ಲೋಳೆಯೇ ಅದಕ್ಕೆ ರಕ್ಷೆ, ಅದು ಹೋದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟುವುದು. ಬಟ್ಟೆಯ ಗ್ಲೌಸ್ ಬೇಡ, ಗಂಟು ಹಾಕಿದ ಒರಟು ಬಲೆ ಬೇಡ. ನಾನು ಹಳೆಯ ನಯವಾದ ಟಾರ್ಪಾಲಿನಲ್ಲಿ ಹೊಲಿಸಿಕೊಂಡ ಜೋಳಿಗೆಯನ್ನು ನೀರೊಳಗೆ ಹಾಸಿ, ಮೀನನ್ನು ಅದರೊಳಕ್ಕೆ ತೇಲಿಸಿಕೊಳ್ಳುತ್ತೇನೆ. ಒಬ್ಬ ಮೀನು ನೋಡಿಕೊಂಡರೆ ಇನ್ನೊಬ್ಬ ನೀರು ನೋಡುತ್ತಿರಬೇಕು. ಮೊಸಳೆ ಇರುವ ಹೊಳೆಯಲ್ಲಿ ಇಬ್ಬರೂ ತಲೆ ತಗ್ಗಿಸಿ ನಿಲ್ಲಬಾರದು.

ಕೊಕ್ಕೆ ತುಟಿಯಲ್ಲಿದ್ದರೆ ಒಂದೇ ತಿರುವಿಗೆ ಬರುತ್ತದೆ. ಗಂಟಲಿಗಿಳಿದಿದ್ದರೆ ಕೈಹಾಕುವುದಿಲ್ಲ, ಸಿಕ್ಕುವಷ್ಟು ಒಳಗಿನಿಂದ ದಾರ ಕತ್ತರಿಸಿ ಹಾಗೇ ಬಿಡುತ್ತೇನೆ. ಕಿತ್ತು ತೆಗೆದರೆ ರಕ್ತ ಬರುವುದು ಖಚಿತ. ಬಿಟ್ಟರೆ ಬದುಕುವ ಸಾಧ್ಯತೆ ಹೆಚ್ಚು.

ಹಿಂದೆ ಇನ್ನೊಂದು ಪದ್ಧತಿಯಿತ್ತು. ಸಂಜೆ ಹಿಡಿದ ಮೀನಿನ ತುಟಿಗೆ ಹಗ್ಗ ಪೋಣಿಸಿ ರಾತ್ರಿಯಿಡೀ ನೀರಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಬೆಳಕಲ್ಲಿ ಫೋಟೋ ತೆಗೆದು ಬಿಡುವುದು. ಬಿಡುವಾಗ ಜೀವ ಇರುತ್ತಿತ್ತು ಅಂತ ಸಮರ್ಥಿಸುವವರು ಈಗಲೂ ಇದ್ದಾರೆ. ಅವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಗಾಳಕ್ಕೂ ಹೋಗುವುದಿಲ್ಲ.

ತೂಕ ಹಾಕುವುದೂ ಅಷ್ಟೆ. ನೀರಲ್ಲಿ ತೇಲಿ ಬೆಳೆದ ಮೈಯನ್ನು ತಕ್ಕಡಿಯ ಕೊಂಡಿಗೆ ದವಡೆಯಿಂದ ನೇತುಹಾಕಿದರೆ ಅಷ್ಟೂ ಭಾರ ದವಡೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಅಳತೆಪಟ್ಟಿ ಸಾಕು. ಮೀನಿನ ಉದ್ದವನ್ನೂ ಮೈಯ ದಪ್ಪ ಭಾಗದ ಸುತ್ತಳತೆಯನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ಅಂದಾಜು ತೂಕ ಬರುತ್ತದೆ. ದೊಡ್ಡಮಾಕಳಿಯ ಮೀನು 48 ಇಂಚು ಉದ್ದ, 28 ಇಂಚು ಸುತ್ತು. ಲೆಕ್ಕ ಹಾಕಿದರೆ 47 ಪೌಂಡ್, 21 ಕಿಲೋ ಹತ್ತಿರ. ಒಂದೆರಡು ಕಿಲೋ ಆಚೀಚೆ ಆದರೆ ಆಗಲಿ.

ಫೋಟೋಗೆ ಕ್ಯಾಮೆರಾ ಮೊದಲೇ ಸಿದ್ಧವಿರಬೇಕು. ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡಕ್ಕೆ ಒಂದು ಕೈ, ಮೀನಿನ ಅರ್ಧ ಮೈ ನೀರಲ್ಲೇ. ಎತ್ತಿದರೆ ಹತ್ತು ಸೆಕೆಂಡು, ಅದಕ್ಕಿಂತ ಹೆಚ್ಚಿಲ್ಲ. ಎದೆಗೆ ಅವಚಿಕೊಂಡು ನಿಂತು "ಇನ್ನೊಂದು ತೆಗಿ, ಕಣ್ಣು ಮುಚ್ಚಿಬಿಟ್ಟೆ" ಎನ್ನುವವರ ಕೈಯಿಂದ ಕ್ಯಾಮೆರಾ ಕಸಿದುಕೊಳ್ಳಬೇಕು ಅನಿಸುತ್ತದೆ.

ಬಿಡುವಾಗ ಹಲವರು ಮೀನನ್ನು ಹಿಂದೆ ಮುಂದೆ ತಳ್ಳಾಡುತ್ತಾರೆ. ನೀರು ಬಾಯಿಂದ ಬಂದು ಕಿವಿರಿನಿಂದ ಹೊರಗೆ ಹೋಗಬೇಕು. ಹಿಂದಕ್ಕೆ ಎಳೆದರೆ ಆ ದಾರಿಯೇ ತಿರುಗುಮುರುಗಾಗುತ್ತದೆ. ಹರಿವಿಗೆ ಮುಖ ಮಾಡಿ ಸುಮ್ಮನೆ ಹಿಡಿದರೆ ಸಾಕು, ಉಳಿದದ್ದನ್ನು ನದಿ ಮಾಡುತ್ತದೆ. ಸಿದ್ಧವಾಯಿತೋ ಇಲ್ಲವೋ ನೋಡಲು ನನ್ನವು ಎರಡು ಪರೀಕ್ಷೆ: ಬಾಲದ ಬುಡ ಹಿಡಿದರೆ ಒದೆಯಬೇಕು, ಪಕ್ಕಕ್ಕೆ ವಾಲಿಸಿದರೆ ತಾನೇ ನೇರವಾಗಬೇಕು. ಎರಡೂ ಆಗುವವರೆಗೆ ಕೈ ಬಿಡುವುದಿಲ್ಲ. ದೊಡ್ಡಮಾಕಳಿಯ ಮೀನು ಒದ್ದ ಒದೆತಕ್ಕೆ ನಾನು ಕುಕ್ಕರಿಸಿದೆ, ಗೈಡು ನಕ್ಕ. ಬೇಸಿಗೆ ಏರಿದ ಮೇಲೆ ನೀರು ಬಿಸಿಯಾಗಿ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಏಪ್ರಿಲ್ ನಂತರ ನಡುಹಗಲಲ್ಲಿ ನಾನು ಗಾಳ ಹಾಕುವುದನ್ನೇ ಬಿಟ್ಟಿದ್ದೇನೆ.

ನಮ್ಮಮ್ಮನಿಗೆ ಇದ್ಯಾವುದೂ ಹಿಡಿಸುವುದಿಲ್ಲ. ಶೃಂಗೇರಿಯಲ್ಲಿ, ರಾಮನಾಥಪುರದಲ್ಲಿ ಇದೇ ಜಾತಿಯ ಮೀನಿಗೆ ಪುರಿ ಹಾಕಿ ಕೈಮುಗಿದವಳು ಆಕೆ. "ದೇವರ ಮೀನಿಗೆ ಗಾಳ ಹಾಕ್ತೀಯಲ್ಲೋ, ತಿನ್ನೋದೂ ಇಲ್ಲ, ಮತ್ಯಾಕೆ ಅದನ್ನ ನೋಯಿಸ್ತೀಯ?" ಎಂದು ಕೇಳುತ್ತಾಳೆ. ನೋವಾಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ದೇವಸ್ಥಾನದ ಮೆಟ್ಟಿಲಿನಿಂದ ಆಚೆ ಅದೇ ಮೀನಿಗೆ ಸಿಡಿಮದ್ದು ಹಾಕುವವರಿದ್ದಾರೆ, ಮದ್ದಿಗೆ ಮರಿಯೂ ಒಂದೇ ತಾಯಿಯೂ ಒಂದೇ. ಗೈಡುಗಳು ದಿನವಿಡೀ ನದಿಯಲ್ಲಿ ಓಡಾಡುತ್ತಿದ್ದಾಗ ಅಂಥವರಿಗೆ ಹೆದರಿಕೆಯಿತ್ತು ಎನ್ನುವುದು ನನ್ನ ಕಣ್ಣಳತೆ.

2012ರ ಹೊತ್ತಿಗೆ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತಿತು. ವನ್ಯಧಾಮ ಅಂದಮೇಲೆ ಕಾನೂನು ಎಲ್ಲರಿಗೂ ಒಂದೇ, ನಾನು ಅತ್ತ ಕೋಲು ಒಯ್ದಿಲ್ಲ. ಈಗ ಹೋಗುವುದು ಕೊಡಗಿನಲ್ಲಿ, ವಾಲ್ನೂರಿನ ಕಡೆ ಪರವಾನಗಿ ಪಡೆದು ಹಿಡಿಯುವ ಜಾಗಕ್ಕೆ. ಅಲ್ಲೂ ಹಿಡಿದ ಮಹಶೀರನ್ನು ಬಿಡಲೇಬೇಕು.

ಕ್ಯಾಂಪಿನ ಕಾಲದಿಂದ ಉಳಿಸಿಕೊಂಡ ಅಭ್ಯಾಸ ಒಂದಿದೆ, ದಾಖಲೆ ಬರೆಯುವುದು. ಗಾಲಿಬೋರೆಯಲ್ಲಿ ಗಾಳಗಾರರು ಬರೆದಿಟ್ಟ ಪುಸ್ತಕಗಳು ನಮಗೆಲ್ಲ ಬರೀ ಜಂಬದ ಪಟ್ಟಿ ಅನಿಸುತ್ತಿದ್ದವು. 1998ರಿಂದ 2012ರವರೆಗಿನ ಆ ಲೆಕ್ಕವನ್ನು, ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕವನ್ನು, ವಿಜ್ಞಾನಿಗಳು ಕೂತು ಜಾಲಾಡಿದಾಗ ತಿಳಿಯಿತು: ನೀಲಿ ರೆಕ್ಕೆಯದು ಏರುತ್ತ ಹೋಗಿದೆ, ಡುಬ್ಬದ್ದು ಕುಸಿಯುತ್ತ ಹೋಗಿದೆ. ಕೊನೆಕೊನೆಗೆ ಸಿಕ್ಕಿದ ಡುಬ್ಬದ ಮೀನುಗಳು ದೊಡ್ಡವೇ, ಮರಿಗಳು ಇಲ್ಲವೆನ್ನುವಷ್ಟು ಕಡಿಮೆ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲಿ ಡುಬ್ಬದ ಮಹಶೀರನ್ನು ಅಳಿವಿನ ಅಂಚಿನ ಕಟ್ಟಕಡೆಯ ದರ್ಜೆಗೆ ಸೇರಿಸಿತು.

ಹಾಗಾಗಿ ನನ್ನ ಪುಸ್ತಕದಲ್ಲಿ ತೂಕಕ್ಕಿಂತ ಮೊದಲ ಕಾಲಂ ಜಾತಿಯದು. ಆಮೇಲೆ ಉದ್ದ, ಸುತ್ತು, ಎಷ್ಟು ನಿಮಿಷ ಆಡಿತು, ಕೊಕ್ಕೆ ಎಲ್ಲಿ ಚುಚ್ಚಿತ್ತು, ಬಿಟ್ಟಾಗ ಹೇಗೆ ಹೋಯಿತು. ಸಿಕ್ಕಲಿಲ್ಲ ಎನ್ನುವ ದಿನವನ್ನೂ ಬರೆಯುತ್ತೇನೆ, ಎಷ್ಟು ಗಂಟೆ ಕೂತೆ ಎನ್ನುವುದಿಲ್ಲದೆ ಎಷ್ಟು ಹಿಡಿದೆ ಎನ್ನುವುದಕ್ಕೆ ಅರ್ಥವಿಲ್ಲ. ಈಗೇನಾದರೂ ಕೇಸರಿ ಬಾಲದ ಡುಬ್ಬದ ಮೀನು ಬಂದರೆ ಜೋಳಿಗೆ, ಅಳತೆಪಟ್ಟಿ ಎರಡೂ ತೆಗೆಯುವುದಿಲ್ಲ. ನೀರೊಳಗೇ ಕೊಕ್ಕೆ ಬಿಡಿಸಿ, ಬಾಲದ ಬಣ್ಣ ಕಾಣುವಂತೆ ಮೇಲಿನಿಂದ ಒಂದೇ ಫೋಟೋ, ಅಷ್ಟೆ. ಉದ್ದದ ಕಾಲಂ ಖಾಲಿ ಇರಲಿ.