ಐವತ್ತೈದರಲ್ಲಿ ಹಿಡಿದ ವೆಲ್ಡಿಂಗ್ ಹೋಲ್ಡರ್

ಸಾಗರದ ಕಡೆ ಅಡಿಕೆ ತೋಟವಿರುವ ಮನೆಗಳಲ್ಲಿ ಕಬ್ಬಿಣದ ಕೆಲಸ ಮುಗಿಯುವುದೇ ಇಲ್ಲ. ಗೇಟಿನ ಬಿಜಾಗರಿ ಕಿತ್ತು ಬರುತ್ತದೆ, ಕೈಗಾಡಿಯ ಕಾಲು ಮುರಿಯುತ್ತದೆ, ಪಂಪಿನ ಸ್ಟ್ಯಾಂಡ್ ತುಕ್ಕು ಹಿಡಿಯುತ್ತದೆ. ಕೊಯ್ಲಿನ ಹೊತ್ತಿಗೆ ಪೇಟೆಯ ವೆಲ್ಡಿಂಗ್ ಶಾಪಿನವರೆಲ್ಲ ತುಂಬಾ ಬ್ಯುಸಿ. ನನ್ನ ತಲೆಯಲ್ಲಿ ಇನ್ನೂ ಒಂದು ಯೋಜನೆಯಿತ್ತು. ಬೇಯಿಸಿದ ಅಡಿಕೆಯನ್ನು ಬಿಸಿಲಿಗೆ ಹರವಿ, ಅಕಾಲದ ಮಳೆ ಬಂದರೆ ತಟ್ಟನೆ ಮಾಡಿನ ಕೆಳಗೆ ತಳ್ಳಿಬಿಡುವಂಥ ಚಕ್ರದ ಟ್ರಾಲಿಗಳು ಬೇಕಿದ್ದವು. ಹೀಗಾಗಿ ಐವತ್ತೈದನೇ ವಯಸ್ಸಿನಲ್ಲಿ ವೆಲ್ಡಿಂಗ್ ಕಲಿಯಲು ಹೊರಟೆ. ಕಲಿಸಿದವನು ನನ್ನ ಮಗನಿಗಿಂತ ಚಿಕ್ಕವನು. ಮಳೆಗಾಲದಲ್ಲಿ ಅವನ ಶಾಪಿನಲ್ಲಿ ಕೆಲಸ ಕಡಿಮೆ, ತೋಟದಲ್ಲಿ ನನಗೂ ಬಿಡುವು. ಇಬ್ಬರಿಗೂ ಅನುಕೂಲವಾಯಿತು.

ವಯಸ್ಸಾದ ಮೇಲೆ ವೆಲ್ಡಿಂಗ್ ಕಲಿಯುವವರಿಗೆ ನಾನು ಮೊದಲು ಹೇಳುವುದು ಕಣ್ಣಿನ ವಿಷಯ. ಕೈ ನಡುಗುತ್ತದೆ, ಧೈರ್ಯ ಸಾಲದು ಎಂದೆಲ್ಲ ಜನ ಹೆದರಿಸುತ್ತಾರೆ. ನಿಜವಾದ ತೊಡಕು ಹತ್ತಿರದ ದೃಷ್ಟಿ. ಬೆಸುಗೆಯ ಗೆರೆ ಮುಖದಿಂದ ಒಂದಡಿ ಚಿಲ್ಲರೆ ದೂರದಲ್ಲಿರುತ್ತದೆ. ಬೈಫೋಕಲ್ ಕನ್ನಡಕದಲ್ಲಿ ಹತ್ತಿರ ನೋಡುವ ಭಾಗ ಕೆಳಗಿರುತ್ತದೆ, ಹೆಲ್ಮೆಟ್ಟಿನ ಕಿಂಡಿಯಲ್ಲಿ ನಾವು ನೋಡುವುದು ನೇರಕ್ಕೆ. ಗೆರೆ ಮಸುಕಾಗಿ ಕಂಡರೆ ಕೈ ಎಷ್ಟೇ ಗಟ್ಟಿಯಿದ್ದರೂ ಹೋಲ್ಡರಿಗೆ ಸಿಕ್ಕಿಸಿದ, ಕರಗಿ ಬೆಸುಗೆಯಾಗುವ ಲೇಪದ ರಾಡ್ ಆಚೀಚೆ ಹೋಗಿಯೇ ಹೋಗುತ್ತದೆ. ನಾನು ಕನ್ನಡಕದಂಗಡಿಗೆ ಹೋಗಿ, ಹದಿನಾಲ್ಕು ಇಂಚು ದೂರ ಸ್ಪಷ್ಟವಾಗಿ ಕಾಣಬೇಕು ಎಂದು ಅಳತೆ ಹೇಳಿ, ಪೂರ್ತಿ ಒಂದೇ ಪವರಿನ ಕನ್ನಡಕ ಮಾಡಿಸಿಕೊಂಡೆ. ಹೆಲ್ಮೆಟ್ಟಿನ ಗಾಜಿನ ಹಿಂದೆ ಕೂರಿಸುವ ಭೂತಗನ್ನಡಿಯ ಪಟ್ಟಿಯೂ ಸಿಗುತ್ತದೆ. ಕನ್ನಡಕ ಬೇಡವೆನ್ನುವವರಿಗೆ ಅದು ಒಳ್ಳೆಯದು. ಇನ್ನೆರಡು ಸಣ್ಣ ಸಂಗತಿ ಸೇರಿಸುತ್ತೇನೆ. ಕೆಲಸದ ಮೇಲೆ ಒಂದು ಜೋರು ದೀಪ ಬಿಟ್ಟುಕೊಳ್ಳಬೇಕು. ಆದರೆ ಬೆನ್ನ ಹಿಂದಿನಿಂದ ಬೆಳಕು ಬರಬಾರದು. ಅದು ಹೆಲ್ಮೆಟ್ಟಿನೊಳಗೆ ಪ್ರತಿಫಲಿಸಿ ಎದುರಿನದೆಲ್ಲ ಮಂಕಾಗುತ್ತದೆ.

ಹೆಲ್ಮೆಟ್ ಮಾತ್ರ ತಾನಾಗಿ ಕಪ್ಪಾಗುವಂಥದೇ ಇರಲಿ. ಹಳೆಯ ಕಾಲದ ಕೈಗುರಾಣಿಯಲ್ಲಿ ಆರ್ಕ್, ಅಂದರೆ ರಾಡಿಗೂ ಕಬ್ಬಿಣಕ್ಕೂ ನಡುವಿನ ವಿದ್ಯುತ್ ಜ್ವಾಲೆ, ಹೊತ್ತುವ ತನಕ ಏನೂ ಕಾಣದು, ಹೊಸಬರಿಗೆ ಅದೇ ಅರ್ಧ ಕಷ್ಟ. 80–100 ಆಂಪಿಯರ್‌ನ ಕೆಲಸಕ್ಕೆ ನಾನು ಗಾಜಿನ ಕಪ್ಪಿನ ಮಟ್ಟವನ್ನು ಶೇಡ್ 10ಕ್ಕೆ ಇಟ್ಟುಕೊಳ್ಳುತ್ತೇನೆ. ಬರಿಗಣ್ಣಿನಲ್ಲಿ ಆರ್ಕ್ ನೋಡಿದರೆ ಆ ಕ್ಷಣಕ್ಕೆ ಏನೂ ಅನ್ನಿಸದು. ಹಲವು ಗಂಟೆ ಬಿಟ್ಟು, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ ಶುರುವಾಗುತ್ತದೆ. ಅಂಗಳದಲ್ಲಿ ಆಡುವ ಮಕ್ಕಳಿಗೂ ಇದು ತಗಲುತ್ತದೆ. ಅದಕ್ಕೆ ನಾನು ಒಂದು ಹಳೆಯ ತಗಡನ್ನು ಮರೆಯಾಗಿ ನಿಲ್ಲಿಸದೆ ರಾಡ್ ಮುಟ್ಟುವುದಿಲ್ಲ.

ಬಟ್ಟೆಯಲ್ಲಿ ರಾಜಿ ಬೇಡ. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಯಜಮಾನರ ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಹತ್ತಿ ಪ್ಯಾಂಟು, ತಲೆಗೆ ಬಟ್ಟೆ, ಚರ್ಮದ ಗ್ಲೌಸ್, ಮುಚ್ಚಿದ ಶೂ ಇವಿಷ್ಟು ನನ್ನ ವೇಷ. ಬಳೆ, ಸರ ತೆಗೆದಿಡುತ್ತೇನೆ. ಆರ್ಕ್ ಹೊತ್ತದೆ ಇರುವಾಗ ಮೆಷಿನ್ನಿನ ತುದಿಯಲ್ಲಿ 60–80 ವೋಲ್ಟ್ ಇರುತ್ತದೆ. ಒಣ ನೆಲದಲ್ಲಿ ಹೆಚ್ಚೇನೂ ಆಗದಿರಬಹುದು, ಮಲೆನಾಡಿನ ಮಳೆಗಾಲದ ಒದ್ದೆ ನೆಲದಲ್ಲಿ, ಬೆವೆತ ಕೈಯಲ್ಲಿ ಅದು ಪ್ರಾಣಕ್ಕೇ ಕುತ್ತು. ಒಣ ಹಲಗೆಯ ಮೇಲೆ ನಿಂತೇ ಕೆಲಸ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಈ ಕೆಲಸಕ್ಕೆ ಇಳಿಯಲೇಬಾರದು. ವೆಲ್ಡಿಂಗ್ ಕೇಬಲ್ಲಿನ ಸುತ್ತ ಕಾಂತಕ್ಷೇತ್ರ ಜೋರಾಗಿರುತ್ತದೆ.

ಶಾಪಿನ ಹುಡುಗರು ಕುಕ್ಕರಗಾಲಲ್ಲಿ ಕೂತು ಗಂಟೆಗಟ್ಟಲೆ ಬೆಸುಗೆ ಹಾಕುತ್ತಾರೆ. ನನ್ನ ಮಂಡಿಗೆ ಅದು ಆಗದು. ಸೊಂಟದೆತ್ತರದ ಕಬ್ಬಿಣದ ಮೇಜು ಮಾಡಿಸಿ, ಎಡ ಮೊಣಕೈಯನ್ನು ಅದರ ಮೇಲೆ ಊರಿ, ಎಡಗೈಯಿಂದ ಬಲಗೈಗೆ ಆಸರೆ ಕೊಡುತ್ತೇನೆ. ಹೀಗೆ ಹಿಡಿದರೆ ನಡುಕದ ಪ್ರಶ್ನೆಯೇ ಬರಲಿಲ್ಲ. ರಾಡ್ ಹೊತ್ತಿಸುವ ಮೊದಲು ಒಂದು ಸಲ ಪೂರ್ತಿ ಗೆರೆಯ ಮೇಲೆ ಕೈ ಆಡಿಸಿ, ಕೊನೆಯ ತನಕ ಸಲೀಸಾಗಿ ತಲುಪುತ್ತದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಈಗಲೂ ಇದೆ.

ನಾನು ಕೊಂಡದ್ದು ಸಿಂಗಲ್ ಫೇಸಿನ, 200 ಆಂಪಿಯರ್‌ನ, ಇನ್ವರ್ಟರ್ ಬಗೆಯ ವೆಲ್ಡಿಂಗ್ ಮೆಷಿನ್ನು. ಒಂದೇ ಕೈಯಲ್ಲಿ ಎತ್ತಬಹುದು. ಮನೆಯ 16 ಆಂಪಿಯರ್ ಪಾಯಿಂಟಿನಲ್ಲಿ ಸಣ್ಣ ರಾಡ್ ಆರಾಮಾಗಿ ಉರಿಯುತ್ತದೆ. ಸಂಜೆ ವೋಲ್ಟೇಜ್ ಬಿದ್ದರೆ ಆರ್ಕ್ ಸೊರಗುತ್ತದೆ, ಹಾಗಾಗಿ ನನ್ನ ಕೆಲಸವೆಲ್ಲ ಬೆಳಗ್ಗೆ. ರಾಡ್ ಎಲ್ಲ ಕಡೆ ಸಿಗುವ 6013 ಎಂಬ ಬಗೆಯದು, ದಪ್ಪ 2.5 ಎಂ.ಎಂ.; ಅಂಗಡಿಯಲ್ಲಿ ಹನ್ನೆರಡು ನಂಬರ್ ಎಂದರೆ ಕೊಡುತ್ತಾರೆ. ಕಲಿಯಲು 5 ಎಂ.ಎಂ. ದಪ್ಪದ ಪಟ್ಟಿಯೇ ಸರಿ, 80 ಆಂಪಿಯರ್ ಆಸುಪಾಸು. ತೆಳು ಪೈಪಿನ ಮೇಲೆ ಕಲಿಕೆ ಶುರುಮಾಡಿದರೆ ತೂತು ಬೀಳುವುದಕ್ಕೇ ಬೇಸರ ಬಂದುಬಿಡುತ್ತದೆ.

ನಮ್ಮ ಕಡೆಯ ಇನ್ನೊಂದು ಶತ್ರು ತೇವ. ಜುಲೈಯಲ್ಲಿ ಬಿಚ್ಚಿಟ್ಟ ರಾಡ್ ಪ್ಯಾಕೆಟ್ ವಾರದಲ್ಲೇ ಹಸಿಯಾಗುತ್ತದೆ. ಆರ್ಕ್ ಪಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ಸೂಜಿತೂತುಗಳು ಬೀಳುತ್ತವೆ. ರಾಡುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹಸಿಯಾದದ್ದನ್ನು 100 ಡಿಗ್ರಿಯ ಸುಮಾರಿನ ಒಲೆ ಕಾವಿನಲ್ಲಿ ಒಂದು ಗಂಟೆ ಒಣಗಿಸಿ ಬಳಸುತ್ತೇನೆ.

ಇನ್ನು ನಿಜವಾದ ಕಲಿಕೆ. ಮೊದಮೊದಲು ಕಣ್ಣು ಹೋಗುವುದು ಉರಿಯುವ ಬೆಳಕಿನ ಕಡೆಗೆ. "ಬೆಂಕಿ ನೋಡ್ಬೇಡಿ ಅಮ್ಮ, ಹಿಂದೆ ಕರಗಿದ್ದನ್ನು ನೋಡಿ" ಎಂದು ಕಲಿಸುವ ಹುಡುಗ ದಿನಾ ಹೇಳುತ್ತಿದ್ದ. ರಾಡಿನ ತುದಿಯ ಹಿಂದೆ ಕರಗಿದ ಲೋಹದ ಪುಟ್ಟ ಹೊಂಡವಿರುತ್ತದೆ. ತೆಳ್ಳಗೆ, ನಿಚ್ಚಳವಾಗಿ, ಅಂಚು ಕಾಣುವಂತೆ ಇರುವುದು ಲೋಹ. ಅದರ ಹಿಂದೆ ದಪ್ಪಗೆ ತೆವಳಿಕೊಂಡು ಬಂದು ಮುಚ್ಚುವುದು ಕಿಟ್ಟ, ಅಂದರೆ ರಾಡಿನ ಲೇಪ ಕರಗಿ ಆದದ್ದು. ಈ ಎರಡನ್ನೂ ಬೇರೆಬೇರೆಯಾಗಿ ಕಾಣಲು ನನಗೆ ಆ ಮಳೆಗಾಲ ಹೆಚ್ಚುಕಮ್ಮಿ ಪೂರ್ತಿ ಬೇಕಾಯಿತು, ಮತ್ತು ಕಂಡ ದಿನದಿಂದ ಬೆಸುಗೆಯೇ ಬದಲಾಯಿತು. 6013 ರಾಡಿನಲ್ಲಿ ಆರ್ಕ್ ಉದ್ದವಾದರೆ ಅಥವಾ ಕರೆಂಟ್ ಕಮ್ಮಿಯಾದರೆ ಕಿಟ್ಟ ಮುಂದೆ ಓಡಿ ಲೋಹದೊಳಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ನೋಡಿದರೆ ಚಂದ, ಒಳಗೆ ಟೊಳ್ಳು. ರಾಡಿನ ತುದಿ ಕಬ್ಬಿಣದಿಂದ ರಾಡಿನ ದಪ್ಪದಷ್ಟೇ ದೂರ ಇರಬೇಕು, ರಾಡ್ ಸಾಗುವ ದಿಕ್ಕಿಗೆ ಸ್ವಲ್ಪ ವಾಲಿರಬೇಕು. ರಾಡ್ ಕರಗುತ್ತಾ ಗಿಡ್ಡವಾಗುವುದರಿಂದ ಕೈ ಮುಂದಕ್ಕೆ ಹೋಗುತ್ತಾ ಕೆಳಕ್ಕೂ ಇಳಿಯುತ್ತಿರಬೇಕು. ಶಬ್ದವೂ ಗುರು: ಒಂದೇ ಸಮನೆ ಚರ್ರ್ ಎನ್ನುತ್ತಿದ್ದರೆ ಸರಿ.

ಕಲಿತ ಜೋಡಣೆಗಳನ್ನೆಲ್ಲ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದು ಮುರಿದು ನೋಡಬೇಕು. ಒಳಗೆ ಕಪ್ಪು ಚುಕ್ಕಿ ಕಂಡರೆ ಕಿಟ್ಟ, ದುಂಡು ತೂತು ಕಂಡರೆ ಗಾಳಿ. ಮುರಿದು ನೋಡದೆ ಕಲಿತ ವೆಲ್ಡಿಂಗನ್ನು ನಾನು ನಂಬುವುದಿಲ್ಲ.

ಕೊಯ್ಲಿಗೆ ಮುಂಚೆ ಟ್ರಾಲಿ ಹಿಡಿದೆ. 40×40 ಎಂ.ಎಂ. ಚೌಕದ ಪೈಪು, ಗೋಡೆ 2 ಎಂ.ಎಂ., ಆರಡಿ ಎಂಟಡಿ ಚೌಕಟ್ಟು. ಈ ಅಳತೆಯಲ್ಲಿ ಒಂದು ಅನುಕೂಲವಿದೆ: ಮೂಲೆಗಳು ಸರಿಯಿದ್ದರೆ ಕರ್ಣ ಕರಾರುವಾಕ್ಕಾಗಿ ಹತ್ತಡಿ ಬರುತ್ತದೆ. ರವಿಕೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳುವ ಹಾಗೆ ನಾಲ್ಕೂ ಮೂಲೆಗೆ ಟ್ಯಾಕ್ ಹಾಕಿ, ಎರಡೂ ಕರ್ಣ ಅಳೆದ ಮೇಲೆಯೇ ಪೂರ್ತಿ ಬೆಸುಗೆ. ಬೆಸುಗೆ ತಣಿಯುವಾಗ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಅದಕ್ಕೆ ಒಂದು ಮೂಲೆ ಮುಗಿಸಿ ಎದುರು ಮೂಲೆಗೆ ಹೋಗುತ್ತೇನೆ. ಕರೆಂಟ್ 60–65 ಆಂಪಿಯರ್‌ಗೆ ಇಳಿಸಿ, ಗಿಡ್ಡ ಗಿಡ್ಡ ತುಂಡುಗಳಾಗಿ ಬೆಸೆದೆ. ಜಾರುವ ಗೇಟಿಗೆ ಹಾಕುವ ತೋಡಿನ ಚಕ್ರಗಳನ್ನು ಕಾಲಿಗೆ ಕೂರಿಸಿ, ಅಂಗಳದಲ್ಲಿ ಎಲ್ ಆಕಾರದ ಕಬ್ಬಿಣದ ಆ್ಯಂಗಲ್ಲನ್ನು ಕವುಚಿ ಹಳಿ ಮಾಡಿದೆ. ಹೊರ ಚೌಕಟ್ಟೇ ಸುಮಾರು 20 ಕಿಲೋ, ಆದರೆ ಅಡಿಕೆ ತುಂಬಿದ ಮೇಲೂ ಒಬ್ಬರೇ ತಳ್ಳಬಹುದು. ಕಿಟ್ಟ ಬಡಿದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಹಚ್ಚಿದೆ. ನಮ್ಮೂರ ಹವೆಯಲ್ಲಿ ಮರುದಿನಕ್ಕೇ ತುಕ್ಕಿನ ಬಣ್ಣ ಕಾಣಿಸಿಕೊಳ್ಳುತ್ತದೆ.

ಜಿ.ಐ. ಪೈಪು ಬೆಸೆಯುವುದಾದರೆ ಎರಡೂ ಬದಿಯ ಸತುವಿನ ಲೇಪವನ್ನು ಗ್ರೈಂಡರಿನಲ್ಲಿ ಪೂರ್ತಿ ತೆಗೆದು, ಬಯಲಿನಲ್ಲಿ, ಗಾಳಿ ಹೊಗೆಯನ್ನು ಮುಖದಿಂದ ಆಚೆ ಒಯ್ಯುವಂತೆ ನಿಂತು ಬೆಸೆಯಿರಿ. ಸತುವಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗದು ಎನ್ನುವ ಮಾತು ಶಾಪುಗಳಲ್ಲಿ ಬಹಳ ಕೇಳಿದ್ದೇನೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಈಗ ಮನೆಯ ಗೇಟು, ಕೈಗಾಡಿ, ಗೊಬ್ಬರದ ಜರಡಿ, ನೆರೆಮನೆಯ ದನದ ಕೊಟ್ಟಿಗೆಯ ಸರಳು ಎಲ್ಲ ನಾನೇ ಮಾಡುತ್ತೇನೆ. ನಿಂತ ಪೈಪಿಗೆ ಕೆಳಗಿನಿಂದ ಮೇಲಕ್ಕೆ ಬೆಸುಗೆ ಹತ್ತಿಸುವುದನ್ನು ಈ ವರ್ಷ ಕಲಿಯುತ್ತಿದ್ದೇನೆ. ಬಾವಿಯ ಏಣಿ, ಟ್ರೇಲರಿನ ಕೊಂಡಿ ತಂದರೆ ಮಾತ್ರ ಪೇಟೆಯ ಶಾಪಿಗೇ ಕಳಿಸುತ್ತೇನೆ. ಬೆಸುಗೆ ಬಿಟ್ಟರೆ ಜೀವ ಹೋಗುವ ಕೆಲಸವನ್ನು ಆ ಹುಡುಗ ನನ್ನ ನಿಂತ ಬೆಸುಗೆಗಳನ್ನು ಮುರಿದು ನೋಡಿ ಒಪ್ಪುವವರೆಗೆ ನಾನು ಮುಟ್ಟುವುದಿಲ್ಲ.