ಬಳೆಯಿಂದ ಈಚೆಗೆ ಹ್ಯಾಂಡ್, ಗೆಜ್ಜೆಯಿಂದ ಕೆಳಗೆ ಫುಟ್

"ಟೀಚರ್, ಲೆಗ್ಗಿಗೆ ಪೆಟ್ಟಾಯ್ತು" ಅಂತ ಎರಡನೇ ಕ್ಲಾಸಿನ ಹುಡುಗ ಕುಂಟುತ್ತಾ ಬಂದ. ಎಂತ ಆಯ್ತು ಮಾರಾಯ ಅಂತ ಮೊಣಕಾಲು ನೋಡಿದೆ, ಏನೂ ಇಲ್ಲ. ಅವನು ತೋರಿಸಿದ್ದು ಕಾಲಿನ ಹೆಬ್ಬೆರಳು. ಕಲ್ಲಿಗೆ ಎಡವಿದ್ದ. ತಪ್ಪು ಅವನದಲ್ಲ. ನಮ್ಮಲ್ಲಿ ತೊಡೆಯಿಂದ ಬೆರಳ ತುದಿಯವರೆಗೂ ಒಂದೇ ಕಾಲು. ಇಂಗ್ಲಿಷಿನವರು ಅದನ್ನೇ ಲೆಗ್, ಫುಟ್, ಟೋ ಅಂತ ಪಾಲು ಮಾಡಿಕೊಂಡಿದ್ದಾರೆ.

ಕಾಸರಗೋಡಿನ ಮಕ್ಕಳಿಗೆ ಒಂದೇ ಅಂಗಕ್ಕೆ ಮೂರು ಹೆಸರು ಇರುವುದು ಹೊಸತೇನಲ್ಲ. ಮನೆಯಲ್ಲಿ ತುಳುವಿನ ಬಂಜಿ, ಶಾಲೆಯಲ್ಲಿ ಹೊಟ್ಟೆ, ಪೇಟೆಯಲ್ಲಿ ಮಲಯಾಳದ ವಯರ್. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು. ಹಾಗಂತ ಯಾವ ಮಗುವೂ ಕೂಲಿ ಕೇಳಲು ಬಂದವರ ಬಾಯಿ ನೋಡುವುದಿಲ್ಲ. ಆದ್ದರಿಂದ ಹೆಸರಿನ ಬಗ್ಗೆ ಜಾಸ್ತಿ ತಲೆಬಿಸಿ ಬೇಡ. ಕಷ್ಟ ಇರುವುದು ಒಂದು ಅಂಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವ ಗಡಿಯಲ್ಲಿ.

ಅಂಗಗಳ ಇಂಗ್ಲಿಷ್ ಹೆಸರು ಕಲಿಸುವಾಗ ಮೊದಲ ದಿನ ಪುಸ್ತಕ ತೆಗೆಯಬೇಡಿ. ಹೆಡ್, ಐ, ಇಯರ್, ನೋಸ್, ಮೌತ್ ಇಷ್ಟೇ ಸಾಕು. ನೀವು ಮುಟ್ಟಿಕೊಂಡು ಹೇಳಿ, ಅವರೂ ಮುಟ್ಟಿಕೊಂಡು ಹೇಳಲಿ. ಇಯರ್ ಅನ್ನುವಾಗ ನಮ್ಮ ನಾಲಿಗೆ ಸುಮ್ನೆ ಒಂದು ಯಕಾರ ಸೇರಿಸಿ 'ಯಿಯರ್' ಅನ್ನುತ್ತದೆ. ಆಗ ಕಿವಿ ಹೋಗಿ ವರ್ಷವಾಗುತ್ತದೆ. ಇದನ್ನು ಅವತ್ತೇ ತಿದ್ದಿ. ಒಮ್ಮೆ ಗಟ್ಟಿಯಾದರೆ ಆಮೇಲೆ ಬಿಡುವುದಿಲ್ಲ.

ಮರುದಿನ ಒಂದು ಬಳೆ, ಒಂದು ಗೆಜ್ಜೆ ತನ್ನಿ. ಗೆಜ್ಜೆ ಸಿಗದಿದ್ದರೆ ಬಣ್ಣದ ನೂಲೂ ಆಗುತ್ತದೆ. ಒಂದು ಮಗುವನ್ನು ಮುಂದೆ ನಿಲ್ಲಿಸಿ ಕೈಗೆ ಬಳೆ ಹಾಕಿ. ಬಳೆಯಿಂದ ಬೆರಳಿನ ಕಡೆಗೆ ಹ್ಯಾಂಡ್, ಬಳೆಯಿಂದ ಹೆಗಲಿನ ಕಡೆಗೆ ಆರ್ಮ್. ಕಾಲಿಗೆ ಗೆಜ್ಜೆ ಕಟ್ಟಿ. ಮೇಲೆ ಲೆಗ್, ಕೆಳಗೆ ಫುಟ್. ಬೆರಳಿಗೂ ಹೀಗೆಯೇ: ಕೈಯದ್ದು ಫಿಂಗರ್, ಕಾಲಿನದ್ದು ಟೋ. ಕೈಯ ಹೆಬ್ಬೆರಳಿಗೆ ಮಾತ್ರ ಥಂಬ್ ಅಂತ ಬೇರೆಯೇ ಮರ್ಯಾದೆ. ಅದರ ಸ್ಪೆಲ್ಲಿಂಗಿನ ಕೊನೆಯ ಬಿ ಬರೆಯಲಿಕ್ಕೆ ಮಾತ್ರ, ಹೇಳಲಿಕ್ಕಲ್ಲ. ಮೊಣಕಾಲಿನ ಕೆ ಕೂಡ ಹಾಗೆಯೇ, ಬಾಯಲ್ಲಿ ಬರೀ 'ನೀ'. ಇದನ್ನು ಕೇಳಿ ಮಕ್ಕಳು ಒಬ್ಬರನ್ನೊಬ್ಬರು ತೋರಿಸಿ "ನೀ, ನೀ" ಅಂತ ನಗುತ್ತಾರೆ. ನಗಲಿ ಬಿಡಿ.

ಹೆಸರು ಬಂದ ಮೇಲೆ ಆಟ. 'ಅಜ್ಜಿ ಸೇಸ್, ಟಚ್ ಯುವರ್ ನೋಸ್' ಅಂದರೆ ಮೂಗು ಮುಟ್ಟಬೇಕು. ಅಜ್ಜಿ ಹೇಳದೆ ಬರೀ 'ಟಚ್ ಯುವರ್ ನೋಸ್' ಅಂದಾಗ ಮುಟ್ಟಿದವರು ಔಟ್. ಇಲ್ಲಿ 'ಯುವರ್' ಬಿಡಬೇಡಿ. ಕನ್ನಡದಲ್ಲಿ ಕೈ ತೊಳಿ ಅಂದರೆ ಯಾರ ಕೈ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ಇಂಗ್ಲಿಷಿಗೆ ಅದನ್ನೂ ಹೇಳಬೇಕು.

ಬಹುವಚನಕ್ಕೆ ನಾನು ಕರೆಯುವುದು ರಾವಣನನ್ನು. ಯಕ್ಷಗಾನ ನೋಡಿದ ಮಕ್ಕಳಿಗೆ ಅವನ ಪರಿಚಯ ಹೇಳಬೇಕಾಗಿಲ್ಲ. ಬೋರ್ಡಿನಲ್ಲಿ ಹತ್ತು ತಲೆ ಬರೆದು ಎಣಿಸಲು ಬಿಡಿ. ಟೆನ್ ಹೆಡ್ಸ್, ಟೆನ್ ನೋಸಸ್, ಟ್ವೆಂಟಿ ಆರ್ಮ್ಸ್. ಕಣ್ಣಿನ ಹತ್ತಿರ ಬಂದಾಗ ತಡೆಯಿರಿ. ಸುಮ್ಮನೆ 'ಐಸ್' ಅಂದರೆ ಅದು ಐಸ್ ಕ್ಯಾಂಡಿಯ ಐಸ್. ಕಣ್ಣುಗಳಿಗೆ ಕೊನೆಯಲ್ಲಿ ಜೇನುನೊಣದ ಹಾಗೆ ಗುಂಯ್‌ಗುಡಬೇಕು. ಗಂಟಲಿನ ಮೇಲೆ ಬೆರಳಿಟ್ಟು ಹೇಳಿಸಿ, ಅದುರಿದರೆ ಸರಿ. ಕೆಳಗೆ ಇಳಿದಾಗ ಒನ್ ಸ್ಟಮಕ್, ಟು ಲೆಗ್ಸ್, ಟು ಫೀಟ್. ಯಾರಾದರೂ ಫುಟ್ಸ್ ಅಂದೇ ಅನ್ನುತ್ತಾರೆ. ಟೂತ್ ಹೋಗಿ ಟೀತ್ ಆಗುವುದನ್ನೂ ಆಗಲೇ ಹೇಳಿಬಿಡಿ. ಹತ್ತು ಬಾಯಿಗೆ ಒಂದೇ ಹೊಟ್ಟೆ ಸಾಕಾ ಅಂತ ಒಬ್ಬಳು ಕೇಳಿದ್ದಳು. ಉತ್ತರ ನನಗಂತೂ ಹೊಳೆಯಲಿಲ್ಲ.

ಕೊನೆಗೆ ಡಾಕ್ಟರ್ ಆಟ. ಒಬ್ಬರು ಡಾಕ್ಟರ್, ಉಳಿದವರೆಲ್ಲ ರೋಗಿಗಳು. ತಲೆನೋವಿಗೆ 'ಐ ಹ್ಯಾವ್ ಎ ಹೆಡೇಕ್'. ಹೊಟ್ಟೆ, ಹಲ್ಲು, ಕಿವಿ, ಬೆನ್ನಿಗೂ ಹೀಗೆ ಏಕ್ ಸೇರಿಸಬಹುದು. ಆದರೆ ಹ್ಯಾಂಡೇಕ್, ಲೆಗೇಕ್ ಅನ್ನುವ ರೂಢಿ ಇಲ್ಲ. ಅಲ್ಲಿ 'ಮೈ ಹ್ಯಾಂಡ್ ಹರ್ಟ್ಸ್' ಅನ್ನಬೇಕು. ಎಡವಿ ಬಂದ ನಮ್ಮ ಹುಡುಗನಿಗೆ ಬೇಕಾದ ಮಾತು 'ಮೈ ಟೋ ಹರ್ಟ್ಸ್'. ಅದನ್ನು ಕಲಿಸಿದ್ದು ಮಾತ್ರ ಪೆಟ್ಟಿಗೆ ಮದ್ದು ಹಚ್ಚಿದ ಮೇಲೆ.