ಬಿ.ಇಡಿ. ಕಾಲೇಜಿಗೆ ಪ್ರಾಂಶುಪಾಲರ ನೇಮಕ: ನಾವು ಮಾಡಿದ ಕ್ರಮ

ಪ್ರಾಂಶುಪಾಲರ ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ಗೊತ್ತಿರುತ್ತದೆ. ಆದರೂ ಎಷ್ಟೋ ಬಿ.ಇಡಿ. ಕಾಲೇಜುಗಳು ಪ್ರಭಾರದ ಮೇಲೇ ಕಾಲ ತಳ್ಳುತ್ತವೆ. ನಮ್ಮದು ವಿಶ್ವವಿದ್ಯಾಲಯದ ಸಂಯೋಜನೆಗೊಳಪಟ್ಟ ಅನುದಾನರಹಿತ ಕಾಲೇಜು. ಹಾಗಾಗಬಾರದೆಂದು ಆರು ತಿಂಗಳು ಮುಂಚೆಯೇ ಕಡತ ತೆರೆದೆವು.

ಮೊದಲು ಮಾಡಬೇಕಾದದ್ದು ಜಾಹೀರಾತಲ್ಲ, ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವುದು. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಆಯ್ಕೆ ಸಮಿತಿಗೆ ಆಡಳಿತ ಮಂಡಳಿಯ ಅಧ್ಯಕ್ಷರೇ ಅಧ್ಯಕ್ಷರು. ಆದರೆ ಕುಲಪತಿಗಳು ನಾಮನಿರ್ದೇಶನ ಮಾಡುವ ಇಬ್ಬರು ಬೇಕು, ಅವರಲ್ಲಿ ಒಬ್ಬರಾದರೂ ಆ ವಿಶ್ವವಿದ್ಯಾಲಯಕ್ಕೆ ಸಂಬಂಧಪಡದವರಾಗಿರಬೇಕು. ಇದಲ್ಲದೆ ವಿಶ್ವವಿದ್ಯಾಲಯ ಒಪ್ಪಿದ ಆರು ತಜ್ಞರ ಪಟ್ಟಿಯಿಂದ ಮೂವರನ್ನು ಆಡಳಿತ ಮಂಡಳಿ ಆರಿಸಿಕೊಳ್ಳಬೇಕು. ಹೆಚ್ಚು ದಿನ ತಿನ್ನುವುದು ಈ ಎರಡು ಪತ್ರಗಳೇ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಗೆ, ಐದು ಜನ, ಅದರಲ್ಲಿ ಇಬ್ಬರು ತಜ್ಞರು. ಸಂದರ್ಶನದ ಬೆಳಿಗ್ಗೆ ಒಬ್ಬ ತಜ್ಞರು ಬರಲಾಗದಿದ್ದರೆ ಇಡೀ ದಿನ ವ್ಯರ್ಥವಾಗಬಾರದು. ಅದಕ್ಕೇ ಎಲ್ಲರಿಂದಲೂ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಹಿಂದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಂಡೆವು.

ಇನ್ನು ಅರ್ಹತೆ. ಹೆಚ್ಚಿನ ಎಡವಟ್ಟು ಇಲ್ಲೇ ಆಗುತ್ತದೆ, ಏಕೆಂದರೆ ಎರಡು ನಿಯಮಗಳನ್ನು ಒಟ್ಟಿಗೆ ನೋಡಬೇಕು. ಎನ್‌.ಸಿ.ಟಿ.ಇ.ಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) 2014ರ ನಿಯಮಗಳು ಕೇಳುವುದು: ಸ್ನಾತಕೋತ್ತರ ಪದವಿಯಲ್ಲಿ 55%, ಎಂ.ಇಡಿ.ಯಲ್ಲಿ 55%, ಶಿಕ್ಷಣಶಾಸ್ತ್ರದಲ್ಲಾಗಲಿ ಕಾಲೇಜಿನಲ್ಲಿ ಕಲಿಸುವ ಬೋಧನಾ ವಿಷಯದಲ್ಲಾಗಲಿ ಪಿಎಚ್‌.ಡಿ., ಜೊತೆಗೆ ಪ್ರೌಢಶಾಲಾ ಶಿಕ್ಷಕರ ಶಿಕ್ಷಣ ಸಂಸ್ಥೆಯಲ್ಲಿ 8 ವರ್ಷದ ಬೋಧನೆ. ಯು.ಜಿ.ಸಿ. ಕೇಳುವುದು: ಪ್ರಾಧ್ಯಾಪಕ ಅಥವಾ ಸಹ ಪ್ರಾಧ್ಯಾಪಕ ದರ್ಜೆ, ಒಟ್ಟು 15 ವರ್ಷದ ಬೋಧನೆ ಅಥವಾ ಸಂಶೋಧನೆ, 10 ಪ್ರಕಟಣೆ, 110 ಸಂಶೋಧನಾ ಅಂಕ. ಪ್ರಥಮ ದರ್ಜೆ ಕಾಲೇಜಿನಲ್ಲಿ 15 ವರ್ಷ ಪಾಠ ಮಾಡಿ, ಬಿ.ಇಡಿ. ಕಾಲೇಜಿನಲ್ಲಿ ಮೂರೇ ವರ್ಷ ಕಳೆದವರು ಒಂದರಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು. ಇಂಥವರನ್ನು ಸಂದರ್ಶನಕ್ಕೆ ಕರೆದು, ಆರಿಸಿ, ಕೊನೆಗೆ ವಿಶ್ವವಿದ್ಯಾಲಯದ ಅನುಮೋದನೆ ಸಿಗದೆ ಕೈಚೆಲ್ಲುವುದಕ್ಕಿಂತ ಜಾಹೀರಾತಿನಲ್ಲೇ ಎರಡೂ ಷರತ್ತನ್ನು ಬಿಡಿಸಿ ಬರೆಯುವುದು ಲೇಸು.

ಅನುಭವದ ವರ್ಷಗಳನ್ನು ಅರ್ಜಿಯಲ್ಲಿ ಬರೆದಂತೆ ಎಣಿಸಬೇಡಿ. ನೇಮಕಾತಿ ಆದೇಶ, ಬಿಡುಗಡೆ ಆದೇಶ, ಸಂಬಳ ಜಮೆಯಾದ ಬ್ಯಾಂಕ್ ವಿವರ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ತಿಂಗಳ ಲೆಕ್ಕದಲ್ಲಿ ಪಟ್ಟಿ ಮಾಡಿ. ಪಿಎಚ್‌.ಡಿ.ಗೆಂದು ರಜೆ ತೆಗೆದುಕೊಂಡ ಅವಧಿ ಬೋಧನೆಯ ಲೆಕ್ಕಕ್ಕೆ ಬರುವುದಿಲ್ಲ. ರಜೆ ಹಾಕದೆ, ಪಾಠ ಮಾಡುತ್ತಲೇ ಸಂಶೋಧನೆ ಮುಗಿಸಿದ್ದರೆ ಬರುತ್ತದೆ. ತಾತ್ಕಾಲಿಕ ಸೇವೆ ಎಣಿಕೆಗೆ ಬರಬೇಕಾದರೆ ಕ್ರಮಬದ್ಧ ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಒಟ್ಟು ವೇತನವೂ ಕಾಯಂ ಅಧ್ಯಾಪಕರದಕ್ಕಿಂತ ಕಡಿಮೆ ಇರಬಾರದು. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆದ ಅತಿಥಿ ಉಪನ್ಯಾಸಕರ ಎಷ್ಟೋ ವರ್ಷಗಳು ಇಲ್ಲಿ ಬಿದ್ದುಹೋಗುತ್ತವೆ. ಒಳ್ಳೆಯ ಮೇಷ್ಟ್ರುಗಳು ಹೀಗೆ ಹೊರಗುಳಿಯುವುದು ನೋಡಲು ಸಂಕಟವೇ. ಆದರೂ ನಿಯಮವನ್ನು ಒಬ್ಬರಿಗೆ ಸಡಿಲಿಸಿದರೆ ಇಡೀ ಪಟ್ಟಿ ನ್ಯಾಯಾಲಯದಲ್ಲಿ ನಿಲ್ಲದು.

110 ಸಂಶೋಧನಾ ಅಂಕದ ಲೆಕ್ಕವನ್ನು ಅಭ್ಯರ್ಥಿಗಳೇ ತಪ್ಪಾಗಿ ಹಾಕುತ್ತಾರೆ. ಶಿಕ್ಷಣ ವಿಷಯದಲ್ಲಿ ಒಂದು ಲೇಖನಕ್ಕೆ ಮೂಲ ಅಂಕ 10. ಪ್ರಕಟವಾದ ಪತ್ರಿಕೆಯ ದರ್ಜೆ ನೋಡಿ ಹೆಚ್ಚುವರಿ ಅಂಕ ಸೇರುವುದು ಬೇರೆ. ಒಬ್ಬರೇ ಬರೆದ ಹತ್ತು ಲೇಖನಕ್ಕೆ ಮೂಲ ಅಂಕ 100 ಆಗುತ್ತದೆ, 110 ಆಗುವುದಿಲ್ಲ. ಇಬ್ಬರು ಸೇರಿ ಬರೆದರೆ ತಲಾ 70%, ಅಂದರೆ 7 ಅಂಕ. ಹೀಗಾಗಿ ಹತ್ತೂ ಜಂಟಿ ಲೇಖನಗಳಾದರೆ 70ಕ್ಕೆ ನಿಂತಿತು. ಉಳಿದದ್ದು ಆ ಹೆಚ್ಚುವರಿ ಅಂಕ, ಪುಸ್ತಕ, ಅಧ್ಯಾಯ, ಪಿಎಚ್‌.ಡಿ. ಮಾರ್ಗದರ್ಶನದಿಂದ ಬರಬೇಕು. ಪರಿಶೀಲನೆಗೆ ಕೂತ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ತಾಳೆ ನೋಡಿದೆವು. ಪ್ರಭಾರ ಪ್ರಾಂಶುಪಾಲರೂ ಅರ್ಜಿ ಹಾಕಿದ್ದರೆ ಅವರನ್ನೂ, ಅವರ ಕೈಕೆಳಗಿನ ಗುಮಾಸ್ತರನ್ನೂ ಈ ಕೆಲಸದಿಂದ ದೂರ ಇಡಿ. ನಾವು ಕಡತವನ್ನು ಸಂಸ್ಥೆಯ ಕಾರ್ಯದರ್ಶಿಗಳ ಕಚೇರಿಗೆ ಸಾಗಿಸಿದ್ದೆವು.

ದಾಖಲೆ ಸರಿಯಿದ್ದವರೆಲ್ಲ ಶಿಕ್ಷಕರನ್ನು ತಯಾರು ಮಾಡಬಲ್ಲವರೇ? ಮಾತುಕತೆಯ ಸಂದರ್ಶನದಲ್ಲಿ ಇದು ತಿಳಿಯುವುದಿಲ್ಲ, ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ನಾವು ಎರಡು ಕೆಲಸ ಕೊಟ್ಟೆವು. ಮೊದಲನೆಯದು, ಎಂಟನೇ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು (ಬಿ.ಇಡಿ. ವಿದ್ಯಾರ್ಥಿ) ಮಾಡುವ ವಿಜ್ಞಾನ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು 20 ನಿಮಿಷ ನೋಡಿ, ನಂತರ ಅವರ ಜೊತೆ 10 ನಿಮಿಷ ಮಾತಾಡುವುದು. ಕಪ್ಪುಹಲಗೆಯ ಅಕ್ಷರ, ದನಿ, ಉಡುಪಿನ ಬಗ್ಗೆಯೇ ಹೇಳಿ ಮುಗಿಸುವವರುಂಟು. ‘ಅರ್ಥವಾಯಿತಾ?’ ಎಂದಾಗ ಮಕ್ಕಳೆಲ್ಲ ಒಟ್ಟಿಗೆ ‘ಹೂಂ ಸರ್’ ಅಂದರೂ, ಪ್ರಶ್ನೆಗೆ ಬಾಯಿ ಬಿಟ್ಟದ್ದು ಮುಂದಿನ ಬೆಂಚಿನ ಮೂವರೇ ಎಂಬುದನ್ನು ಗುರುತಿಸಿ, ಪಾಠ ಯೋಜನೆಯ ಯಾವ ಹಂತದಲ್ಲಿ ಉಳಿದವರು ಕೈಬಿಟ್ಟುಹೋದರು ಎಂದು ತೋರಿಸುವವರು ಕೆಲವರೇ. ನಮಗೆ ಬೇಕಾದದ್ದು ಆ ಕಣ್ಣು.

ಎರಡನೆಯದು ವೇಳಾಪಟ್ಟಿ. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ತಲಾ 50 ವಿದ್ಯಾರ್ಥಿಗಳ ಎರಡು ಘಟಕಗಳಿಗೆ ಪ್ರಾಂಶುಪಾಲರೂ ಸೇರಿ 16 ಬೋಧಕರಿರಬೇಕು. ಎರಡು ಹುದ್ದೆ ಖಾಲಿ, ಶಾಲೆ ಹತ್ತು, ಪ್ರಶಿಕ್ಷಣಾರ್ಥಿಗಳು 100 ಎಂದುಕೊಂಡು ಅರ್ಧ ಗಂಟೆಯಲ್ಲಿ ಯೋಜನೆ ಬರೆದುಕೊಡಿ ಎಂದೆವು. ಎಲ್ಲರೂ ಮೇಲ್ವಿಚಾರಣೆಗೆ ಹೋದರೆ ಮೊದಲ ವರ್ಷದವರ ತರಗತಿ ನಿಲ್ಲುತ್ತದೆ. ದಸರಾ ರಜೆ ಮರೆತರೆ ವಾರಗಳು ಸಾಲುವುದಿಲ್ಲ. ಫೆಬ್ರುವರಿಗೆ ತಳ್ಳಿದರೆ ಎಸ್‌ಎಸ್‌ಎಲ್‌ಸಿ ತಯಾರಿಯಲ್ಲಿರುವ ಮುಖ್ಯ ಶಿಕ್ಷಕರು ಹತ್ತನೇ ತರಗತಿಯನ್ನು ಬಿಟ್ಟುಕೊಡುವುದಿಲ್ಲ. ಶಾಲೆಯ ಒಡನಾಟ ಇದ್ದವರ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಅಂಕಪಟ್ಟಿಯ ನಮೂನೆಯನ್ನು ಆಡಳಿತ ಮಂಡಳಿ ಮೊದಲೇ ಒಪ್ಪಿರಲಿ. ನಡಾವಳಿ, ಅಂಕಪಟ್ಟಿ, ಶಿಫಾರಸು ಎಲ್ಲಕ್ಕೂ ಅದೇ ದಿನ ಎಲ್ಲ ಸದಸ್ಯರ ಸಹಿ ಆಗಬೇಕು. ನಾಳೆ ಟೈಪ್ ಮಾಡಿಸಿ ಕಳಿಸುತ್ತೇವೆ ಎಂದರೆ ಕೆಟ್ಟಿತು. ನೇಮಕಾತಿ ಆದೇಶದಲ್ಲಿ ಐದು ವರ್ಷದ ಅವಧಿ, ಮೌಲ್ಯಮಾಪನದ ನಂತರ ಇನ್ನೊಂದೇ ಅವಧಿಗೆ ಅವಕಾಶ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಉಪ ಪ್ರಾಂಶುಪಾಲರ ವಿಷಯದಲ್ಲಿ ಆಡಳಿತ ಮಂಡಳಿಗಳು ಅವಸರ ಮಾಡುತ್ತವೆ. ಹಿರಿಯ ಅಧ್ಯಾಪಕರೊಬ್ಬರನ್ನು ಎರಡು ವರ್ಷಕ್ಕೆ ನೇಮಿಸುವುದು ಪ್ರಾಂಶುಪಾಲರ ಶಿಫಾರಸಿನ ಮೇಲೆ. ಹೊಸಬರು ಬರುವ ಮೊದಲೇ ಹೆಸರು ಘೋಷಿಸಿದರೆ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಎರಡು ಪಂಗಡ. ನಾವು ಒಂದು ಸೆಮಿಸ್ಟರ್ ಕಾದೆವು.

ಚಾರ್ಜ್ ವಹಿಸುವಾಗ ಕ್ಯಾಶ್ ಬುಕ್, ದಾಸ್ತಾನು ಪುಸ್ತಕ, ಎನ್‌.ಸಿ.ಟಿ.ಇ. ಮಾನ್ಯತೆಯ ಮೂಲ ಆದೇಶ ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ದತ್ತಿನಿಧಿ, ಮೀಸಲು ನಿಧಿ ಠೇವಣಿಗಳ ಅವಧಿ ಮುಗಿಯುವ ದಿನಾಂಕವನ್ನೂ ಅದರಲ್ಲಿ ಸೇರಿಸಿ. ಸಾಮಾನ್ಯವಾಗಿ ಮರೆತುಹೋಗುವುದು ಮೊಬೈಲ್ ನಂಬರ್. ವಿಶ್ವವಿದ್ಯಾಲಯದ ಆಂತರಿಕ ಅಂಕಗಳ ಪೋರ್ಟಲ್, ಎನ್‌.ಸಿ.ಟಿ.ಇ., ಎಐಎಸ್‌ಎಚ್‌ಇ (ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆ), ವಿದ್ಯಾರ್ಥಿವೇತನ, ಎಲ್ಲದರ ಒಟಿಪಿ ಹೋಗುವುದು ಹಳೆಯ ಪ್ರಾಂಶುಪಾಲರ ಫೋನಿಗೆ. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ, ಅಂಕ ಏರಿಸುವ ಕೊನೆಯ ದಿನ ಸಂಜೆ ಆರಕ್ಕೆ ಆ ಫೋನು ಸ್ವಿಚ್ ಆಫ್ ಆಗಿದ್ದರೆ ನಷ್ಟ ಮಕ್ಕಳಿಗೆ. ಇಬ್ಬರೂ ಎದುರುಬದುರು ಕೂತು ಒಂದೊಂದೇ ಪೋರ್ಟಲ್ ತೆರೆದು ನಂಬರ್ ಬದಲಿಸಿದ್ದಕ್ಕೆ ನಮಗೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. ಬಿಡುಗಡೆ ಆದೇಶಕ್ಕೆ ಸಹಿ ಆದದ್ದು ಅದಾದ ಮೇಲೆ.